ಎಪ್ಪತ್ತರ ಹೊಸ್ತಿಲಲ್ಲಿ

‘ವಿಮೆ’ ಎಂಬ ಮಾತು ಕನ್ನಡದ ಹುಟ್ಟುನುಡಿಯಲ್ಲ. ಅದರ ಮೂಲ ಪಾರಸಿಯಲ್ಲಿದೆ. ಅಲ್ಲಿ ‘ಬೀಮ್’ ಎಂದರೆ ಭಯ. ಹಿಂದಿಯಲ್ಲಿ ಅದು ‘ಬೀಮಾ’ ಆಗಿಯೇ ಉಳಿದರೆ, ಮರಾಠಿಯಲ್ಲಿ ‘ವಿಮಾ’ ಆಯಿತು, ಗುಜರಾತಿಯಲ್ಲಿ ‘ವೀಮೋ’ ಆಯಿತು, ಕನ್ನಡದಲ್ಲಿ ‘ವಿಮೆ’ಯಾಗಿ ನೆಲೆಗೊಂಡಿತು. ಹೀಗೆ ಬಕಾರವನ್ನು ವಕಾರವಾಗಿಸಿಕೊಂಡ ಮೂರು ನುಡಿಗಳ ಜನ, ಮಾತಿನೊಳಗೆ ಅಡಗಿದ್ದ ಭಯವನ್ನೇನೂ ಕಳೆದುಕೊಂಡಿಲ್ಲ. ಯೌವನದಲ್ಲಿ ವಿಮೆಯ ವಿಚಾರ ಬಂದಾಗ ನಗುವವರು ಕೂದಲು ನೆರೆತಾಗ ಅದೇ ಮಾತನ್ನು ಗಂಭೀರವಾಗಿ ಕೇಳಿಸಿಕೊಳ್ಳತೊಡಗುತ್ತಾರೆ. ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ ಎಂಬ ಗಾದೆಯ ಎರಡು ಕರೆಗಳ ನಡುವೆ ಇಂದು ಮೂರನೆಯದೊಂದು ಸೇರಿಕೊಂಡಿದೆ. ಅದು ಆಸ್ಪತ್ರೆಯ ಕರೆ. ಆ ಕರೆಗೆ ಓಗೊಡಲು ಕೈಯಲ್ಲಿ ಯಾವ ಕಾಗದವಿರಬೇಕು ಎಂಬ ಪ್ರಶ್ನೆಯನ್ನು ಹಿಂದಿನ ತಲೆಮಾರಿನ ಮುದುಕರು ಎದುರಿಸಲಿಲ್ಲ. ಅವರಿಗೆ ಆಯ್ಕೆಯೇ ಇರಲಿಲ್ಲ. ಇಂದಿನ ಹಿರಿಯರಿಗೆ ಆಯ್ಕೆಗಳಿವೆ. ಆಯ್ಕೆಯೊಡನೆ ಬರುವ ತಳಮಳವೂ ಇದೆ.

ಈ ತಳಮಳವನ್ನು ಗುಜರಾತಿನ ಮೂರು ನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ನೋಡುವುದಕ್ಕೆ ಒಂದು ಔಚಿತ್ಯವಿದೆ. ಗುಜರಾತಿಗೂ ಕನ್ನಡಕ್ಕೂ ಸಂಬಂಧ ಹೊಸದಲ್ಲ. ಎಸ್. ಎಲ್. ಭೈರಪ್ಪನವರು ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿದವರು. ಅವರಿಗೆ ಡಾಕ್ಟರೇಟ್ ಕೊಟ್ಟದ್ದು ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ. ಅಂಥ ವಿದ್ವಾಂಸರ ಜೊತೆಗೆ, ಹೆಸರು ಉಳಿಯದ ಇನ್ನೆಷ್ಟೋ ಜನ ಬೇರೆ ಬೇರೆ ದಾರಿ ಹಿಡಿದು ಅಲ್ಲಿಗೆ ಹೋದರು. ಕೇಂದ್ರ ಸರ್ಕಾರದ ಕಚೇರಿಗಳಿಗೂ ವಿಜ್ಞಾನ ಸಂಸ್ಥೆಗಳಿಗೂ ಬಂದವರು ಅಹಮದಾಬಾದಿನಲ್ಲಿ ಉಳಿದರು. ತೈಲ ಶುದ್ಧೀಕರಣ ಮತ್ತು ರಸಾಯನ ಕಾರ್ಖಾನೆಗಳನ್ನು ಸೇರಿದವರು ವಡೋದರದಲ್ಲಿ ಮನೆ ಕಟ್ಟಿದರು. ದೋಸೆಯ ಹಂಚನ್ನು ನಂಬಿಕೊಂಡು ಕರಾವಳಿಯಿಂದ ಹೊರಟವರಲ್ಲಿ ಕೆಲವರು ಸೂರತ್ತಿನ ಜವಳಿ ಮಾರುಕಟ್ಟೆಯ ಸುತ್ತ ನೆಲೆ ಕಂಡರು. ಇವರೆಲ್ಲ ನಿವೃತ್ತಿಯಾದ ಮೇಲೆ ಊರಿಗೆ ಮರಳುವೆವೆಂದೇ ಹೊರಟವರು. ಊರಿನ ಮನೆ ಪಾಲಾಯಿತು, ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದರು, ಮರಳುವ ದಿನ ಮುಂದಕ್ಕೆ ಹೋಗುತ್ತ ಹೋಗುತ್ತ ಮುಪ್ಪು ಬಂದು ಕುಳಿತಿತು.

ಇವರು ದುಡಿಯತೊಡಗಿದ ಕಾಲದಲ್ಲಿ ರೋಗದ ಖರ್ಚಿಗೆ ಆಸರೆಯಾಗಿದ್ದ ವ್ಯವಸ್ಥೆಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. 1948ರ ಕಾಯಿದೆಯಿಂದ ಬಂದ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಜನ ಕರೆಯುವ ಇಎಸ್‌ಐ, ಗಿರಣಿ ಮತ್ತು ಕಾರ್ಖಾನೆಗಳವರಿಗೆ. 1954ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಕ್ರಮೇಣ ಇತರ ನಗರಗಳಿಗೆ ಹರಡಿದ ಸಿಜಿಎಚ್‌ಎಸ್ ಕೇಂದ್ರ ಸರ್ಕಾರದ ನೌಕರರಿಗೆ. ಉಳಿದವರಿಗೆ ಸರ್ಕಾರಿ ಆಸ್ಪತ್ರೆ, ಇಲ್ಲವೇ ಸಾಲ. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾದ ಮೇಲೂ ಆಸ್ಪತ್ರೆಯ ವೆಚ್ಚಕ್ಕೆ ಸಾರ್ವಜನಿಕರು ಕೊಳ್ಳಬಹುದಾದ ‘ಮೆಡಿಕ್ಲೇಮ್’ ಪಾಲಿಸಿ ಬಂದದ್ದು 1986ರಲ್ಲಿ. ಅಹಮದಾಬಾದಿನಲ್ಲಿ ಆ ಹೊತ್ತಿಗೆ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚತೊಡಗಿದ್ದವು. ಕೆಲಸ ಹೋದ ಕಾರ್ಮಿಕನಿಗೆ ಕೂಲಿಯ ಜೊತೆಗೆ ಇಎಸ್‌ಐ ಆಸ್ಪತ್ರೆಯ ಚೀಟಿಯೂ ಹೋಗುತ್ತಿತ್ತು. ನೌಕರಿಗೆ ಕಟ್ಟಿಹಾಕಿದ ರಕ್ಷಣೆ ನೌಕರಿಯಷ್ಟೇ ಕಾಲ ಬಾಳುತ್ತದೆ ಎಂಬ ಪಾಠವನ್ನು ಆ ನಗರ ಹೀಗೆ ಕಲಿಯಿತು. ನೌಕರಿಯೇ ಇಲ್ಲದೆ ಬೀದಿಯಲ್ಲಿ, ಮನೆಯಲ್ಲಿ ದುಡಿಯುವ ಹೆಂಗಸರನ್ನು 1972ರಲ್ಲಿ ‘ಸೇವಾ’ ಸಂಘಟನೆಯಾಗಿ ಕಟ್ಟಿದ ಇಳಾ ಭಟ್ಟರ ಬಳಗ 1992ರಲ್ಲಿ ‘ವೀಮೋ ಸೇವಾ’ ಎಂಬ ವಿಮೆಯನ್ನು ಆರಂಭಿಸಿದ್ದು ಅದೇ ಪಾಠದ ಇನ್ನೊಂದು ಮುಖ.

ಲೋಕದ ಇತರೆಡೆ ಈ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದ್ದರು. ಜರ್ಮನಿಯಲ್ಲಿ ಬಿಸ್ಮಾರ್ಕ್ 1883ರಲ್ಲಿಯೇ ದುಡಿಯುವವರ ರೋಗವಿಮೆಯನ್ನು ಕಡ್ಡಾಯಗೊಳಿಸಿದ. ಇಂಗ್ಲೆಂಡು 1948ರಲ್ಲಿ ವಿಮೆಯ ಗೋಜಿಲ್ಲದೆ ತೆರಿಗೆಯ ಹಣದಿಂದಲೇ ಎಲ್ಲರಿಗೂ ಚಿಕಿತ್ಸೆ ಕೊಡತೊಡಗಿತು. ಅಮೆರಿಕ 1965ರಲ್ಲಿ ಅರವತ್ತೈದು ದಾಟಿದವರಿಗಾಗಿಯೇ ‘ಮೆಡಿಕೇರ್’ ತಂದಿತು. ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಅರವತ್ತೈದರ ಹುಟ್ಟುಹಬ್ಬವೆಂದರೆ ನಮೂನೆಗಳನ್ನು ತುಂಬುವ ಹಬ್ಬವೂ ಹೌದು. ತಡವಾಗಿ ಸೇರಿದವರು ಬದುಕಿರುವವರೆಗೆ ಹೆಚ್ಚುವರಿ ಕಂತು ತೆರಬೇಕಾಗಬಹುದು. ಭಾರತದಲ್ಲಿ ಮುಪ್ಪನ್ನೇ ಅರ್ಹತೆಯಾಗಿ ಎಣಿಸುವ ಕಾಲ ಬರುವುದಕ್ಕೆ ಇನ್ನೂ ಆರು ದಶಕಗಳು ಬೇಕಾದವು.

ಆ ದಾರಿಯಲ್ಲಿ ಗುಜರಾತು ಕೆಲವು ಹೆಜ್ಜೆ ಮುಂದಿತ್ತು. 2012ರಲ್ಲಿ ಅಲ್ಲಿಯ ಸರ್ಕಾರ ‘ಮುಖ್ಯಮಂತ್ರಿ ಅಮೃತಂ’ ಯೋಜನೆಯನ್ನು ಬಡ ಕುಟುಂಬಗಳಿಗಾಗಿ ಆರಂಭಿಸಿತು. ಅದರ ಆಂಗ್ಲ ಮೊದಲಕ್ಷರಗಳು ಸೇರಿ ‘ಮಾ’ ಆಯಿತು; ಜನರ ಬಾಯಲ್ಲಿ ಅದು ತಾಯಿಯೇ ಆಯಿತು. ‘ಮಾ ಕಾರ್ಡ್ ಇದೆಯೇ?’ ಎಂದು ಆಸ್ಪತ್ರೆಯ ಕಿಟಕಿಯಲ್ಲಿ ಕೇಳಿದಾಗ, ಹೊಸದಾಗಿ ಊರಿಂದ ಬಂದ ಕನ್ನಡಿಗ ತನ್ನ ತಾಯಿಯನ್ನು ನೆನೆದುಕೊಂಡರೆ ಆಶ್ಚರ್ಯವಿಲ್ಲ. 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ‘ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ’ ಉದ್ಘಾಟನೆಯಾಯಿತು. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆ ಚಿಕಿತ್ಸೆ ಅದರ ವಾಗ್ದಾನ. ಗುಜರಾತು 2021ರಲ್ಲಿ ತನ್ನ ‘ಮಾ’ ಯೋಜನೆಯನ್ನು ಅದರೊಡನೆ ಬೆಸೆಯಿತು. 2023ರ ಜುಲೈಯಲ್ಲಿ ತನ್ನ ಫಲಾನುಭವಿ ಕುಟುಂಬಗಳ ಮಿತಿಯನ್ನು ಹತ್ತು ಲಕ್ಷಕ್ಕೆ ಏರಿಸಿತು. ಆದರೆ ಇವೆಲ್ಲ ಪಟ್ಟಿಯಲ್ಲಿ ಹೆಸರಿದ್ದವರಿಗೆ, ಇಲ್ಲವೇ ಆದಾಯದ ಮಿತಿಯೊಳಗಿದ್ದವರಿಗೆ. ಮಧ್ಯಮ ವರ್ಗದ ನಿವೃತ್ತರು ಈ ಬಾಗಿಲಿನ ಹೊರಗೇ ನಿಂತಿದ್ದರು.

ಬಾಗಿಲು ತೆರೆದದ್ದು 2024ರ ಅಕ್ಟೋಬರ್ 29ರಂದು. ಅಂದಿನಿಂದ ಎಪ್ಪತ್ತು ತುಂಬಿದ ಯಾರೇ ಆಗಲಿ, ಆದಾಯವನ್ನು ಕೇಳದೆ, ‘ಆಯುಷ್ಮಾನ್ ವಯ ವಂದನಾ’ ಕಾರ್ಡು ಪಡೆಯಬಹುದಾಯಿತು. ಪಟ್ಟಿಯಲ್ಲಿ ಮೊದಲೇ ಇದ್ದ ಕುಟುಂಬದ ಹಿರಿಯರಿಗೆ ತಮಗಾಗಿಯೇ ಬೇರೆ ಐದು ಲಕ್ಷ. ಇಲ್ಲದಿದ್ದವರಿಗೆ ಮನೆಯಲ್ಲಿರುವ ಎಪ್ಪತ್ತು ದಾಟಿದವರೆಲ್ಲ ಸೇರಿ ಐದು ಲಕ್ಷ. ಕಂತಿಲ್ಲ, ವೈದ್ಯಕೀಯ ಪರೀಕ್ಷೆಯಿಲ್ಲ, ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯಿಲ್ಲ. ಖಾಸಗಿ ಪಾಲಿಸಿ ಇದ್ದವರೂ ಇಎಸ್‌ಐ ಇದ್ದವರೂ ಇದನ್ನು ಪಡೆಯಬಹುದು. ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್ ಮುಂತಾದ ಸರ್ಕಾರಿ ವ್ಯವಸ್ಥೆಗಳಲ್ಲಿರುವವರು ಮಾತ್ರ ಅದು ಬೇಕೋ ಇದು ಬೇಕೋ ಎಂದು ಒಂದನ್ನು ಆರಿಸಿಕೊಳ್ಳಬೇಕು. ಹೀಗೆ ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸಬಹುದಾದ ನಿಯಮಗಳು ಮನೆಮನೆಯ ಊಟದ ಮೇಜಿನ ಮೇಲೆ ಬಂದಾಗ ಎಷ್ಟು ಕವಲೊಡೆಯುತ್ತವೆ ಎಂಬುದನ್ನು ನೋಡಬೇಕು.

ಅಹಮದಾಬಾದಿನ ಮಣಿನಗರದಲ್ಲಿ ಮೂವತ್ತು ವರ್ಷಗಳಿಂದ ಇರುವ ಧಾರವಾಡದ ಕಡೆಯ ಒಬ್ಬ ನಿವೃತ್ತ ಲೆಕ್ಕಾಧಿಕಾರಿಗಳ ಉದಾಹರಣೆ ಮೊದಲನೆಯದು. ವಯಸ್ಸು ಎಪ್ಪತ್ತೆರಡು. ನಿವೃತ್ತರಾದಾಗಲೇ ಹತ್ತು ವರ್ಷಗಳ ವಂತಿಗೆಯನ್ನು ಒಟ್ಟಿಗೆ ಕಟ್ಟಿ ಸಿಜಿಎಚ್‌ಎಸ್‌ನ ಆಜೀವ ಕಾರ್ಡು ಮಾಡಿಸಿಕೊಂಡವರು. ಕಾರ್ಡಿನ ಬೆಲೆ ಎಷ್ಟೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. 7ನೇ ವೇತನ ಆಯೋಗದ ಬಳಿಕ ಆ ವಂತಿಗೆ ದರ್ಜೆಗೆ ತಕ್ಕಂತೆ ತಿಂಗಳಿಗೆ 250ರಿಂದ 1,000 ರೂಪಾಯಿಯವರೆಗೆ ನಿಗದಿಯಾಗಿತ್ತು. 650ರ ದರ್ಜೆಯವನಿಗೆ ಹತ್ತು ವರ್ಷದ ಗಂಟು 78,000 ಎಂದು ಅವರು ಬಾಯಲ್ಲೇ ಲೆಕ್ಕ ಹೇಳಬಲ್ಲರು. 2024ರ ಕೊನೆಯಲ್ಲಿ ಅವರ ಸೊಸೈಟಿಯ ಅಂಗಳದಲ್ಲಿ ಕಾರ್ಡು ಮಾಡಿಕೊಡುವ ಶಿಬಿರ ನಡೆಯಿತು. ನೆರೆಯ ದಾದಾಗಳೆಲ್ಲ ಸಾಲಿನಲ್ಲಿ ಕುಳಿತು ಆಧಾರ್ ಸಂಖ್ಯೆ ಹೇಳಿ, ಮೊಬೈಲಿಗೆ ಬಂದ ಅಂಕಿಗಳನ್ನು ಓದಿ, ಕಾರ್ಡು ಕೈಯಲ್ಲಿ ಹಿಡಿದು ಎದ್ದರು. ಐದು ಲಕ್ಷ ಎಂಬ ಸಂಖ್ಯೆಗೆ ಒಂದು ಆಕರ್ಷಣೆಯಿದೆ. ಪುಕ್ಕಟೆ ಎಂಬ ಮಾತಿಗೆ ಅದಕ್ಕಿಂತ ಹೆಚ್ಚು. ‘ಎಲ್ಲಾರೂ ಮಾಡಸ್ಯಾರ, ನೀವ್ಯಾಕ ಬಿಡ್ತೀರಿ?’ ಎಂದು ಮನೆಯಾಕೆಯೂ ಕೇಳಿದರು.

ಅಧಿಕಾರಿಗಳು ಆ ದಿನ ಸಾಲಿನಲ್ಲಿ ಕೂಡದೆ ಮನೆಗೆ ಬಂದು ಒಂದು ಹಾಳೆಯನ್ನು ಎರಡು ಭಾಗ ಮಾಡಿ ಬರೆದರು. ಹೊಸ ಕಾರ್ಡು ಒಳರೋಗಿಯ ಚಿಕಿತ್ಸೆಗೆ ಮಾತ್ರ. ಸೇರುವುದಕ್ಕೆ ಮೊದಲಿನ ಮೂರು ದಿನ, ಬಿಡುಗಡೆಯ ನಂತರದ ಹದಿನೈದು ದಿನಗಳ ಔಷಧಿ ಅದರಲ್ಲಿ ಸೇರುತ್ತದೆ. ತಿಂಗಳು ತಿಂಗಳೂ ನುಂಗುವ ಸಕ್ಕರೆ ಕಾಯಿಲೆಯ ಗುಳಿಗೆ, ರಕ್ತದೊತ್ತಡದ ಗುಳಿಗೆ, ಮೂರು ತಿಂಗಳಿಗೊಮ್ಮೆಯ ರಕ್ತ ಪರೀಕ್ಷೆ ಸೇರುವುದಿಲ್ಲ. ಸಿಜಿಎಚ್‌ಎಸ್‌ನಲ್ಲಿ ದವಾಖಾನೆಯಿಂದ ಗುಳಿಗೆ ಬರುತ್ತದೆ, ಆಸ್ಪತ್ರೆಯ ವೆಚ್ಚಕ್ಕೆ ಸರ್ಕಾರದ ದರಪಟ್ಟಿ ಇದೆಯೇ ಹೊರತು ವರ್ಷಕ್ಕೆ ಇಷ್ಟೇ ಲಕ್ಷ ಎಂಬ ಮಿತಿಯಿಲ್ಲ, ಎಪ್ಪತ್ತು ತುಂಬದ ಹೆಂಡತಿಯೂ ಅದೇ ಆಸರೆಯಲ್ಲಿದ್ದಾಳೆ. ಲೆಕ್ಕ ಒಂದೇ ಸಂಜೆಯಲ್ಲಿ ಮುಗಿಯಿತು. ಅವರು ಹಳೆಯದನ್ನೇ ಉಳಿಸಿಕೊಂಡರು. ಆದರೆ ಅವರ ಜೊತೆಯಲ್ಲೇ ನಿವೃತ್ತರಾದ ಒಬ್ಬ ಮಿತ್ರರು ಸಿಜಿಎಚ್‌ಎಸ್ ದವಾಖಾನೆ ಇಲ್ಲದ ಸಣ್ಣ ಊರಿನಲ್ಲಿದ್ದು, ಅದರ ಬದಲಿಗೆ ತಿಂಗಳಿಗೆ 1,000 ರೂಪಾಯಿಯ ನಿಗದಿತ ವೈದ್ಯಕೀಯ ಭತ್ಯೆ ಪಡೆಯುತ್ತಿದ್ದರು. ಆಸ್ಪತ್ರೆ ಸೇರುವ ಪ್ರಸಂಗ ಬಂದರೆ ಆ ಸಾವಿರ ಯಾವ ಮೂಲೆಗೂ ಸಾಲದು. ಅಂಥವರಿಗೆ ಹೊಸ ಕಾರ್ಡು ನಿಜವಾದ ಊರುಗೋಲು. ಒಂದೇ ಕಚೇರಿಯಲ್ಲಿ ಒಂದೇ ಸಂಬಳ ಪಡೆದ ಇಬ್ಬರಿಗೆ ಎರಡು ಉತ್ತರ. ನೆರೆಯವನ ಕಾರ್ಡು ನೋಡಿ ತನ್ನದನ್ನು ಆರಿಸುವುದು ನೆರೆಯವನ ಕನ್ನಡಕ ಹಾಕಿಕೊಂಡು ಪತ್ರಿಕೆ ಓದಿದಂತೆ.

ವಡೋದರದ ಮನೆಯ ಸಮಸ್ಯೆ ಇದಕ್ಕಿಂತ ಜಟಿಲವಾದದ್ದು. ರಸಾಯನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಮೈಸೂರು ಕಡೆಯ ಒಬ್ಬ ಹಿರಿಯರು, ಅವರ ಪತ್ನಿ. ಅವರಿಗೆ ಎಪ್ಪತ್ತಮೂರು, ಆಕೆಗೆ ಅರವತ್ತಾರು. ಇಬ್ಬರಿಗೂ ಸೇರಿ ಹಳೆಯದೊಂದು ಖಾಸಗಿ ಪಾಲಿಸಿ. ಇಂಥ ಜಂಟಿ ಪಾಲಿಸಿಯಲ್ಲಿ ಕಂತನ್ನು ನಿರ್ಧರಿಸುವುದು ಸಾಮಾನ್ಯವಾಗಿ ಮನೆಯ ಅತಿ ಹಿರಿಯನ ವಯಸ್ಸು. ಅದು ಏರುತ್ತ ಏರುತ್ತ ಠೇವಣಿಯ ಎರಡು ತಿಂಗಳ ಬಡ್ಡಿಯನ್ನು ನುಂಗುವ ಮಟ್ಟ ಮುಟ್ಟಿತ್ತು. ಡಿಸೆಂಬರಿನಲ್ಲಿ ಯಜಮಾನರಿಗೆ ವಯ ವಂದನಾ ಕಾರ್ಡು ಬಂದಾಗ, ಮಾರ್ಚಿಯಲ್ಲಿ ಬರುವ ಕಂತನ್ನು ಇನ್ನು ಕಟ್ಟಬೇಕಾಗಿಲ್ಲವೆಂದು ಅವರು ಹಗುರವಾದರು. ಆಗ ಪತ್ನಿ ಹೇಳಿದ ಮಾತು ಆ ಮನೆಯಲ್ಲಿ ಇಂದಿಗೂ ನೆನಪಿದೆ: ‘ಸರಿಯಾಯ್ತು ಬಿಡಿ. ನಿಮಗೆ ಕಾರ್ಡು ಬಂತು. ಇನ್ನು ನಾಲ್ಕು ವರ್ಷ ಕಾಯಿಲೆ ಬೀಳಬೇಡ ಅಂತ ನನಗೆ ಅಪ್ಪಣೆ ಆಯ್ತು.’

ನಗೆಯ ಮಾತಾದರೂ ಅದರಲ್ಲಿ ಯೋಜನೆಯ ಒಂದು ದೊಡ್ಡ ಸಂದು ಕಾಣುತ್ತದೆ. ಕಾರ್ಡು ವಯಸ್ಸಿಗೆ ಸೇರಿದ್ದು, ದಾಂಪತ್ಯಕ್ಕಲ್ಲ. ಗಂಡನಿಗಿಂತ ಆರೇಳು ವರ್ಷ ಚಿಕ್ಕವಳನ್ನು ತರುವುದು ವಾಡಿಕೆಯಾಗಿದ್ದ ತಲೆಮಾರಿನಲ್ಲಿ, ಗಂಡ ಒಳಗೆ ಹೋದ ಮೇಲೂ ಹೆಂಡತಿ ವರ್ಷಗಟ್ಟಲೆ ಹೊಸ್ತಿಲ ಹೊರಗೇ ನಿಲ್ಲಬೇಕಾಗುತ್ತದೆ. ಪಾಲಿಸಿಯನ್ನು ಬಿಟ್ಟುಬಿಟ್ಟರೆ ಆಕೆಗೆ ಮತ್ತೊಂದು ಸಿಗಬಾರದೆಂದಿಲ್ಲ. ಅರವತ್ತೈದು ದಾಟಿದವರಿಗೆ ಹೊಸ ಪಾಲಿಸಿಯ ಬಾಗಿಲು ಮುಚ್ಚಿಕೊಳ್ಳಲು ಅವಕಾಶವಿದ್ದ ನಿಯಮವನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ತೆಗೆದುಹಾಕಿತು. ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಗರಿಷ್ಠ ಅವಧಿಯನ್ನೂ ನಾಲ್ಕರಿಂದ ಮೂರು ವರ್ಷಕ್ಕೆ ಇಳಿಸಿತು. ಆದರೆ ಅರವತ್ತಾರರಲ್ಲಿ ಹೊಸದಾಗಿ ಸೇರಿ ಮೂರು ವರ್ಷ ಕಾಯುವುದೆಂದರೆ ಎಪ್ಪತ್ತರ ಬಾಗಿಲಿಗೆ ಬರುವವರೆಗೂ ಕಾಯುವುದೇ. ಹಳೆಯ ಪಾಲಿಸಿಯಲ್ಲಿ ಆಕೆ ಹದಿನೈದು ವರ್ಷ ಸವೆಸಿದ್ದರು. ಪಾಲಿಸಿ ಬಿಟ್ಟರೆ ಕಳೆದುಹೋಗುವುದು ಮುಂದಿನ ವರ್ಷದ ರಕ್ಷಣೆಯೊಂದೇ ಅಲ್ಲ, ಕಳೆದ ಹದಿನೈದು ವರ್ಷಗಳ ಗಳಿಕೆ. ಹಿತ್ತಿಲ ತೆಂಗಿನ ಮರವನ್ನು ಫಲ ಕೊಡುವ ವರ್ಷವೇ ಕಡಿದಂತೆ.

ದಂಪತಿಗಳು ಮೂರು ವಾರ ಯೋಚಿಸಿದರು. ಬೆಂಗಳೂರಿನ ಮಗ ತನ್ನ ಕಂಪನಿಯ ಗುಂಪು ವಿಮೆಯಲ್ಲಿ ತಾಯಿಯನ್ನು ಸೇರಿಸುವೆನೆಂದ. ಅದೂ ನೌಕರಿಗೆ ಕಟ್ಟಿದ ಹಗ್ಗವೇ. ಮಗ ಕೆಲಸ ಬದಲಿಸಿದ ದಿನ ತಾಯಿಯ ರಕ್ಷಣೆಯೂ ಬದಲಾಗುತ್ತದೆ ಎಂದು ತಂದೆ ಒಪ್ಪಲಿಲ್ಲ. ಕೊನೆಗೆ ಅವರು ಕಂಡುಕೊಂಡ ದಾರಿ ಹೀಗಿತ್ತು. ಯಜಮಾನರು ಪಾಲಿಸಿಯಿಂದ ಹೊರಬಂದರು. ಪತ್ನಿಯನ್ನು ಅದೇ ಕಂಪನಿಯ ಒಂಟಿ ಪಾಲಿಸಿಗೆ ವರ್ಗಾಯಿಸಿದರು. ಹೀಗೆ ಕ್ರಮಪ್ರಕಾರ ವರ್ಗಾಯಿಸಿದರೆ ಸವೆಸಿದ ಕಾಯುವ ಅವಧಿ ಲೆಕ್ಕಕ್ಕೆ ಉಳಿಯುತ್ತದೆ. ಕಿರಿಯ ವಯಸ್ಸಿನ ಲೆಕ್ಕದಲ್ಲಿ ಕಂತು ಗಣನೀಯವಾಗಿ ಇಳಿಯಿತು. ಉಳಿದ ಹಣವನ್ನು ಖರ್ಚು ಮಾಡದೆ ಬೇರೊಂದು ಠೇವಣಿಯಾಗಿ ಇಟ್ಟರು. ಯಜಮಾನರಿಗೆ ಒಗ್ಗಿದ ವೈದ್ಯರ ಆಸ್ಪತ್ರೆ ಆಯುಷ್ಮಾನ್ ಯೋಜನೆಯಲ್ಲಿ ನೋಂದಾಯಿಸಿಕೊಂಡಿರಲಿಲ್ಲ, ಅಲ್ಲಿಗೇ ಹೋಗಬೇಕೆನಿಸಿದರೆ ಕೈಹಣ ಬೇಕು.

ಹಳೆಯ ಪಾಲಿಸಿಯ ಕಾಗದವನ್ನು ಆಕೆ ಆಗ ಮೊದಲ ಬಾರಿಗೆ ಪೂರ್ತಿಯಾಗಿ ಓದಿದರು. ಕೊಠಡಿ ಬಾಡಿಗೆ ವಿಮೆಯ ಮೊತ್ತದ ಶೇಕಡಾ ಒಂದನ್ನು ಮೀರಬಾರದೆಂಬ ಸಾಲು ಅದರಲ್ಲಿ ಎಲ್ಲೋ ಮೂಲೆಯಲ್ಲಿತ್ತು. ಮೂರು ಲಕ್ಷದ ಪಾಲಿಸಿಗೆ ದಿನಕ್ಕೆ ಮೂರು ಸಾವಿರ. ಆರು ಸಾವಿರದ ಕೊಠಡಿ ಹಿಡಿದರೆ ನಷ್ಟ ಬಾಡಿಗೆಯ ವ್ಯತ್ಯಾಸದಲ್ಲೇ ನಿಲ್ಲುವುದಿಲ್ಲ. ಕೊಠಡಿಯ ದರ್ಜೆಯನ್ನನುಸರಿಸಿ ಏರುವ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕಗಳಿಗೂ ಅದೇ ಪ್ರಮಾಣದ ಕತ್ತರಿ ಬೀಳುತ್ತದೆ. 2025ರ ಮಳೆಗಾಲದಲ್ಲಿ ಪಿತ್ತಕೋಶದ ಕಲ್ಲಿನ ನೋವು ತಡೆಯಲಾರದೆ ಆಸ್ಪತ್ರೆ ಸೇರಿದ್ದು ಯಜಮಾನರಲ್ಲ, ಆಕೆಯೇ. ಸೇರುವಾಗ ನೋವಿನಲ್ಲೂ ಆಕೆ ಕೇಳಿದ ಮೊದಲ ಪ್ರಶ್ನೆ ಕೊಠಡಿಯ ಬಾಡಿಗೆ ಎಷ್ಟೆಂದು. ಪಾಲಿಸಿ ಬಹುಪಾಲು ವೆಚ್ಚವನ್ನು ಭರಿಸಿತು. ಆ ವರ್ಷ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಆರೋಗ್ಯ ವಿಮೆಯ ಮೇಲಿನ ಶೇಕಡಾ 18ರ ಜಿಎಸ್‌ಟಿಯೂ ರದ್ದಾಯಿತು. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಪ್ರಾಧಿಕಾರದೊಡನೆ ಸಮಾಲೋಚಿಸಬೇಕೆಂಬ ಆಜ್ಞೆ ಜನವರಿಯಲ್ಲೇ ಬಂದಿತ್ತು. ಮಾರ್ಚಿಯಲ್ಲಿ ಎಲ್ಲವನ್ನೂ ಬಿಟ್ಟುಬಿಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಸೂರತ್ತಿನ ಪ್ರಸಂಗದ ತೊಡಕು ಇರುವುದು ಕ್ಯಾಲೆಂಡರಿನಲ್ಲಿ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ಮೊದಲು ಹೋಟೆಲಿನಲ್ಲಿ, ಆಮೇಲೆ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದ ಒಬ್ಬ ಭಟ್ಟರು ಅಲ್ಲಿದ್ದಾರೆ. 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿನ ಸುದ್ದಿ ಹಬ್ಬಿ ಲಕ್ಷಾಂತರ ಜನ ಸೂರತ್ತನ್ನು ಬಿಟ್ಟು ಓಡಿದಾಗ ಓಡದೆ ಉಳಿದವರಲ್ಲಿ ಅವರೊಬ್ಬರು. ಮರುವರ್ಷ ಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರ ಕಾಲದಲ್ಲಿ ಕಸ ಎತ್ತಿ, ಹೋಟೆಲುಗಳ ಅಡುಗೆಮನೆ ತಪಾಸಿಸಿ, ಊರನ್ನು ದೇಶದ ಸ್ವಚ್ಛ ನಗರಗಳ ಸಾಲಿಗೆ ತಂದದ್ದನ್ನು ಅವರು ಒಲೆಯ ಮುಂದೆ ನಿಂತೇ ಕಂಡವರು. ಆರೋಗ್ಯದ ಮೊದಲ ವಿಮೆ ಪೊರಕೆ ಎಂಬುದು ಅವರ ಸಿದ್ಧಾಂತ. ಚರಂಡಿ ತುಂಬಿದ ಊರಿನಲ್ಲಿ ಯಾವ ಕಾರ್ಡೂ ಸಾಲದೆಂಬುದಕ್ಕೆ ಸೂರತ್ತಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಭಟ್ಟರಿಗೆ ಎಪ್ಪತ್ತು ತುಂಬಿ ಒಂದೆರಡು ವರ್ಷವಾಗಿದೆ. ಆಧಾರಿನ ಪ್ರಕಾರ ತುಂಬಿಲ್ಲ. ಅವರ ತಲೆಮಾರಿನ ಕನ್ನಡ ಮಕ್ಕಳಿಗೆ ಹುಟ್ಟಿದ ದಿನವನ್ನು ಕೊಟ್ಟದ್ದು ತಾಯಿಯಲ್ಲ, ಶಾಲೆಯ ಮೇಷ್ಟರು. ಸೇರಿಸಲು ಬಂದ ಹುಡುಗನನ್ನು ಮೇಲಿಂದ ಕೆಳಗೆ ನೋಡಿ ಜೂನ್ 1 ಎಂದು ಬರೆದುಬಿಟ್ಟರೆ ಮುಗಿಯಿತು. ಹೀಗೆ ನಾಡಿನಲ್ಲಿ ಜೂನ್ ಒಂದರಂದು ಹುಟ್ಟಿದವರ ಸಂಖ್ಯೆ ಪ್ರಕೃತಿಗೂ ಒಗಟು. ಮನೆಗೆಲಸ ಮುಗಿಸಿ ತಡವಾಗಿ ಶಾಲೆಗೆ ಬಂದ ಭಟ್ಟರಿಗೆ ಮೇಷ್ಟರು ಮೂರು ವರ್ಷ ಕಡಿಮೆ ಮಾಡಿ 1957 ಎಂದು ಬರೆದರು. ಅದರಿಂದ ನೌಕರಿಯಲ್ಲಿ ಮೂರು ವರ್ಷ ಹೆಚ್ಚು ದುಡಿದರು, ಆಗ ಅದು ಲಾಭವೇ ಆಗಿತ್ತು. ಈಗ ಅದೇ ಮೂರು ವರ್ಷ ಬಡ್ಡಿಯೊಡನೆ ವಸೂಲಾಗುತ್ತಿದೆ. ವಯ ವಂದನಾ ಕಾರ್ಡಿಗೆ ಆಧಾರಿನಲ್ಲಿರುವ ವಯಸ್ಸೇ ಪ್ರಮಾಣ. ಅದನ್ನು ತಿದ್ದಿಸಲು ದಾಖಲೆ ಬೇಕು. ಅವರಲ್ಲಿರುವ ಒಂದೇ ದಾಖಲೆ ಆ ಮೇಷ್ಟರ ಕೈಬರಹದ್ದು. ಆದ್ದರಿಂದ 2027ರ ಜೂನ್ 1ರವರೆಗೆ ಸರ್ಕಾರದ ಕಣ್ಣಿಗೆ ಅವರು ಇನ್ನೂ ಮುದುಕರಲ್ಲ.

ಅವರನ್ನು ಅಲ್ಲಿಯವರೆಗೆ ಹಿಡಿದು ನಿಲ್ಲಿಸಿರುವುದು ವರ್ಷಕ್ಕೆ 120 ರೂಪಾಯಿ. ಇಎಸ್‌ಐಯಲ್ಲಿ ಕನಿಷ್ಠ ಐದು ವರ್ಷ ವಿಮಾದಾರನಾಗಿದ್ದು ವಯೋನಿವೃತ್ತಿ ಪಡೆದವನು ತಿಂಗಳಿಗೆ ಹತ್ತು ರೂಪಾಯಿಯಂತೆ ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ತನಗೂ ಹೆಂಡತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಇದನ್ನು ಅರಿಯದೆ ಬಿಟ್ಟವರು ಎಷ್ಟೋ ಜನ. ಭಟ್ಟರು ಬಿಡಲಿಲ್ಲ. ‘ಈ ನೂರಿಪ್ಪತ್ತು ರೂಪಾಯಿಗೆ ಇಂದು ಎರಡು ಮಸಾಲೆದೋಸೆ ಬರುವುದೂ ಕಷ್ಟ, ಮಾವ’ ಎಂದು ಸೋದರಳಿಯ ನಕ್ಕಾಗಲೂ ಕಚೇರಿಗೆ ಹೋಗಿ ಕಟ್ಟಿ ರಸೀದಿ ತಂದು ದೇವರ ಪಟದ ಹಿಂದೆ ಸಿಕ್ಕಿಸಿದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಅವರ ತಾಯಿ ಹೇಳಿಕೊಟ್ಟಿದ್ದರಂತೆ.

ಕಾರ್ಡು ಕೈಯಲ್ಲಿದ್ದ ಮಾತ್ರಕ್ಕೆ ಚಿಂತೆ ತೀರಿತೆಂದು ತಿಳಿಯುವುದೂ ಸರಿಯಲ್ಲ. 2024ರ ನವೆಂಬರಿನಲ್ಲಿ ಅಹಮದಾಬಾದಿನ ಒಂದು ಖಾಸಗಿ ಆಸ್ಪತ್ರೆಯವರು ಮೆಹಸಾಣಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಉಚಿತ ತಪಾಸಣಾ ಶಿಬಿರ ನಡೆಸಿ ಹತ್ತೊಂಬತ್ತು ಜನರನ್ನು ನಗರಕ್ಕೆ ಕರೆತಂದರು. ಅವರಲ್ಲಿ ಏಳು ಮಂದಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಬಳಿಕ ಇಬ್ಬರು ತೀರಿಕೊಂಡರು. ಯೋಜನೆಯ ಹಣಕ್ಕಾಗಿ ಬೇಡದ ಚಿಕಿತ್ಸೆ ನಡೆಯಿತೆಂಬ ಆರೋಪದ ಮೇಲೆ ಪೊಲೀಸ್ ಮೊಕದ್ದಮೆಗಳಾದವು, ಬಂಧನಗಳಾದವು. ಹಣವಿಲ್ಲದೆ ಚಿಕಿತ್ಸೆ ತಪ್ಪುವುದು ಒಂದು ಅಪಾಯವಾದರೆ, ಹಣ ಬೇರೆಯವರು ಕೊಡುತ್ತಾರೆಂಬ ಕಾರಣಕ್ಕೆ ಬೇಡದ ಚಿಕಿತ್ಸೆ ಬಂದೆರಗುವುದು ಇನ್ನೊಂದು. ಹಿರಿಯರ ಮೈಮೇಲೆ ಕತ್ತರಿ ಇಡುವ ಮೊದಲು ಎರಡನೆಯ ವೈದ್ಯರ ಅಭಿಪ್ರಾಯ ಕೇಳುವ ಹಕ್ಕು ಕಾರ್ಡಿನ ಜೊತೆಯಲ್ಲೇ ಬರುತ್ತದೆಂದು ಮನೆಯವರು ಅರಿತಿರಬೇಕು. ಅಹಮದಾಬಾದಿನಲ್ಲಿ ಅಸಾರ್ವಾದ ಸಿವಿಲ್ ಆಸ್ಪತ್ರೆ, ಅದರ ಆವರಣದಲ್ಲೇ ಇರುವ ಯು. ಎನ್. ಮೆಹತಾ ಹೃದ್ರೋಗ ಸಂಸ್ಥೆ, ವಡೋದರದಲ್ಲಿ ಸಯಾಜಿರಾಯರ ಹೆಸರಿನ ಎಸ್‌ಎಸ್‌ಜಿ ಆಸ್ಪತ್ರೆ, ಸೂರತ್ತಿನಲ್ಲಿ ಹೊಸ ಸಿವಿಲ್ ಆಸ್ಪತ್ರೆ ಇರುವಾಗ ಎರಡನೆಯ ಬಾಗಿಲು ತಟ್ಟುವುದು ಅಸಾಧ್ಯವಲ್ಲ.

ಯಾವ ಪಾಲಿಸಿಯೂ ಭರಿಸದ ಇನ್ನೊಂದು ಕೊರತೆ ಭಾಷೆಯದು. ನಲವತ್ತು ವರ್ಷ ಗುಜರಾತಿಯಲ್ಲಿ ವ್ಯಾಪಾರ ಮಾಡಿದವರೂ ನೋವನ್ನು ಹೇಳುವಾಗ ಕನ್ನಡಕ್ಕೇ ಮರಳುತ್ತಾರೆ. ಕಾಲು ಜೋಮು ಹಿಡಿಯುವುದು ಬೇರೆ, ಸೆಳೆಯುವುದು ಬೇರೆ, ಉಳುಕುವುದು ಬೇರೆ. ಎದೆ ಹಿಡಿದಂತಾಗುವುದಕ್ಕೂ ಎದೆ ಉರಿಯುವುದಕ್ಕೂ ನಡುವಿನ ಅಂತರ ಕೆಲವೊಮ್ಮೆ ಜೀವ ಮರಣಗಳ ಅಂತರ. ಈ ಮಾತುಗಳನ್ನೆಲ್ಲ ‘ದುಃಖೇ ಛೇ’ ಎಂಬ ಒಂದೇ ಗುಜರಾತಿ ನುಡಿಗೆ ಇಳಿಸಿ ಹೇಳಿದಾಗ ವೈದ್ಯರಿಗೆ ತಲುಪುವುದು ಅರ್ಧ ಮಾತ್ರ. ಆದ್ದರಿಂದ ಕೆಲವು ಮನೆಗಳಲ್ಲಿ ಕಾಯಿಲೆಯ ವಿವರವನ್ನು ಮಕ್ಕಳಿಂದ ಗುಜರಾತಿಯಲ್ಲಿ ಬರೆಸಿ ಕಾರ್ಡಿನ ಜೊತೆಗೆ ಇಟ್ಟುಕೊಳ್ಳುವ ರೂಢಿ ಬಂದಿದೆ. ಒಳ್ಳೆಯ ರೂಢಿ. ಊರಿಗೆ ಮರಳುವ ಆಸೆಯನ್ನು ಬಿಡದವರಿಗೂ ಒಂದು ಸಮಾಧಾನವುಂಟು. ಗುಜರಾತಿನಲ್ಲಿ ಪಡೆದ ಆಯುಷ್ಮಾನ್ ಕಾರ್ಡು ಕರ್ನಾಟಕದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ಮಗನ ಮನೆಯಲ್ಲಿರುವಾಗ ಕಾಯಿಲೆ ಬಿದ್ದರೆ ಕನ್ನಡದಲ್ಲೇ ನರಳಬಹುದು.

ಇವುಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಆಯ್ಕೆಯ ಮುಂದೆ ನಿಂತ ಹಿರಿಯರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ವರ್ಷದಲ್ಲಿ ಹೆಚ್ಚು ಹಣ ಹೋಗುತ್ತಿರುವುದು ಗುಳಿಗೆಗೋ ಆಸ್ಪತ್ರೆಗೋ? ಇರುವುದನ್ನು ಬಿಟ್ಟರೆ ಮರಳಿ ಪಡೆಯಬಹುದೇ? ಮನೆಯಲ್ಲಿ ಇನ್ನೊಬ್ಬರು ಈ ಕಾಗದದ ನೆರಳಿನಲ್ಲಿ ಇದ್ದಾರೆಯೇ? ನಡೆದು ಹೋಗುವಷ್ಟು ಹತ್ತಿರದ ಯಾವ ಆಸ್ಪತ್ರೆ ಇದನ್ನು ಒಪ್ಪುತ್ತದೆ? ನಾಲ್ಕಕ್ಕೂ ಉತ್ತರ ಬರೆದ ಮೇಲೆ ಕಂತಿನ ಮೊತ್ತ ನೋಡಿದರೆ ಸಾಕು. ಬಹುಪಾಲು ಜನ ಕಂತನ್ನು ಮೊದಲು ನೋಡುತ್ತಾರೆ, ಉಳಿದುದನ್ನು ಆಸ್ಪತ್ರೆಯ ಕಿಟಕಿಯ ಮುಂದೆ ಓದುತ್ತಾರೆ.

ಎಪ್ಪತ್ತು ಎಂಬ ಗೆರೆಯನ್ನು ಯಾರೋ ಎಲ್ಲೋ ಒಂದು ಕಡೆ ಎಳೆಯಲೇಬೇಕಾಗಿತ್ತು. ಎಳೆದುದರಿಂದ ಅನೇಕರ ರಾತ್ರಿಯ ನಿದ್ದೆ ಮರಳಿದೆ, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ದೇಹ ಗೆರೆಯನ್ನು ನೋಡಿಕೊಂಡು ಸವೆಯುವುದಿಲ್ಲ. ಬೀಡಿ ಕಟ್ಟಿದವಳ ಬೆನ್ನು ಐವತ್ತಕ್ಕೇ ಬಾಗುತ್ತದೆ, ಒಲೆಯ ಮುಂದೆ ನಿಂತವನ ಕಾಲ ನರ ಅರವತ್ತಕ್ಕೇ ಉಬ್ಬುತ್ತದೆ. ಅರವತ್ತಕ್ಕೂ ಎಪ್ಪತ್ತಕ್ಕೂ ನಡುವಿನ ಹತ್ತು ವರ್ಷ ಸಂಬಳ ನಿಂತ ವರ್ಷಗಳು, ಕಾಯಿಲೆ ಮೊದಲಾದ ವರ್ಷಗಳು. ಆ ಹತ್ತು ವರ್ಷಗಳ ಸೇತುವೆಯನ್ನು ಸದ್ಯಕ್ಕೆ ಮನೆಯವರೇ ಕಟ್ಟಿಕೊಳ್ಳಬೇಕಾಗಿದೆ. ಹಳೆಯ ಪಾಲಿಸಿಯಿಂದ, ಮಕ್ಕಳ ನೆರವಿನಿಂದ, ನೂರಿಪ್ಪತ್ತು ರೂಪಾಯಿಯ ರಸೀದಿಯಿಂದ. ವಡೋದರದ ಗೃಹಿಣಿ ತಮ್ಮ ಪಾಲಿಸಿಯ ಸಂಖ್ಯೆಯನ್ನೂ ಯಜಮಾನರ ಕಾರ್ಡಿನ ಸಂಖ್ಯೆಯನ್ನೂ ಯೋಜನೆಯ ಸಹಾಯವಾಣಿ 14555ನ್ನೂ ಬರೆದು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದ್ದಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇದೆ: ‘2029ರಲ್ಲಿ ನನ್ನ ಕಾರ್ಡು ಮಾಡಿಸುವುದು.’ ಅಲ್ಲಿಯವರೆಗೆ ಪ್ರತಿ ಮಾರ್ಚಿಯಲ್ಲೂ ಕಂತು ಕಟ್ಟಬೇಕೆಂಬುದನ್ನು ಅವರು ಬರೆದಿಲ್ಲ. ಅದು ನೆನಪಿರುತ್ತದೆ.